ಮಸಿ ಹತ್ತಿದ ಮೂಲೆ

ಬಸವೇಶ್ವರನಗರದ ಆ ಮಹಡಿ ಮನೆಯಲ್ಲಿ ಏನು ನಡೆಯುತ್ತದೆಂದು ಬೀದಿಯವರಿಗೆ ಇವತ್ತಿಗೂ ಸರಿಯಾಗಿ ಗೊತ್ತಿಲ್ಲ. ಟ್ಯೂಷನ್ ಅಂದುಕೊಂಡವರಿದ್ದಾರೆ, ಯಾರೋ ಆಡಿಟರ್ ಆಫೀಸು ಅಂದುಕೊಂಡವರಿದ್ದಾರೆ. ಹಳೇ ಪೇಪರ್ ಕೊಳ್ಳುವವನಂತೂ ಆಗಾಗ ಗೇಟಿನ ಹತ್ತಿರ ಗಾಡಿ ನಿಲ್ಲಿಸಿ, ಒಳಗಿನ ಕಾಗದದ ರಾಶಿಯನ್ನು ಆಸೆಯಿಂದ ನೋಡಿ ಹೋಗುತ್ತಾನೆ. "ಏನಕ್ಕಾ, ಇನ್ನೂ ಎಷ್ಟ್ ದಿನ ಇಟ್ಕೊತೀರಾ ಇದನ್ನೆಲ್ಲ?" ಎಂದು ಅವನು ಕೇಳಿದರೆ, "ನೀನೂ ನಾನೂ ಹೋದ್ಮೇಲೂ ಇರುತ್ತೆ, ಹೋಗಪ್ಪ ಸುಮ್ನೆ" ಎನ್ನುತ್ತಾಳೆ ಕುಸುಮಾ.

ಅದು ಹಳೆಯ ಕಾಗದಗಳನ್ನು ಕಾಪಾಡುವ ಮನೆ. ರಾಜರ ಕಾಗದವಲ್ಲ, ಮಂತ್ರಿಗಳದ್ದೂ ಅಲ್ಲ. ದುಡಿಯಲು ದೂರ ಹೋದ ಫಿಟ್ಟರುಗಳು, ಲಾರಿ ಡ್ರೈವರುಗಳು, ನರ್ಸುಗಳು ತಮ್ಮ ಮನೆಗಳಿಗೆ ಬರೆದ ಕಾಗದ. ಅಟ್ಟದ ಮೇಲೆ, ಟ್ರಂಕಿನೊಳಗೆ ಜಿರಳೆ ತಿನ್ನುತ್ತಿದ್ದ ಇಂಥ ಕಾಗದಗಳನ್ನು ಒಂದು ಟ್ರಸ್ಟಿನವರು ಕೇಳಿ ತಂದು, ಧೂಳು ತೆಗೆದು, ಪೆಟ್ಟಿಗೆಗಳಲ್ಲಿ ಜೋಡಿಸಿ ಇಡುತ್ತಾರೆ. ಓದಬೇಕೆಂದವರು ಅಲ್ಲೇ ಕುಳಿತು ಓದಬಹುದು. ಒಂದು ಹಾಳೆಯೂ ಹೊರಗೆ ಹೋಗುವಂತಿಲ್ಲ. ಇದನ್ನೆಲ್ಲ ನೋಡಿಕೊಳ್ಳುವವಳು ವಚನಾ. ಚಂದ್ರಾ ಲೇಔಟಿನ ಹುಡುಗಿ, ಇತಿಹಾಸ ಓದಿದವಳು, ಮಾತು ಮೆತ್ತಗೆ.

ಕುಸುಮಾ ಅಲ್ಲಿಗೆ ಸೇರಿದ್ದು ಗುಡಿಸಿ ಒರೆಸಿ ಟೀ ಮಾಡಲು. ಪೀಣ್ಯದ ಗಾರ್ಮೆಂಟ್ಸಿನಲ್ಲಿ ಶರ್ಟಿನ ಕಾಲರ್ ಹೊಲಿದೂ ಹೊಲಿದೂ ಸೊಂಟ ಕೈಕೊಟ್ಟಿತ್ತು. ಆ ವಯಸ್ಸಿನಲ್ಲಿ ಇನ್ನಾರು ಕೆಲಸ ಕೊಡುತ್ತಾರೆ? ಲಗ್ಗೆರೆಯಿಂದ ಬಸ್ಸಿನಲ್ಲಿ ಬಂದು ಹೋಗುತ್ತಿದ್ದಳು. ಅವಳ ಕೈ ಹಗುರವೆಂದು ಕಂಡ ವಚನಾ ಒಂದು ಮೆತ್ತನೆಯ ಬ್ರಷ್ಷು ಕೊಟ್ಟು ಕಾಗದದ ಧೂಳು ತೆಗೆಯುವುದನ್ನೂ ಹೇಳಿಕೊಟ್ಟಳು. ಕುಸುಮಾ ಧೂಳು ತೆಗೆಯುತ್ತ ತೆಗೆಯುತ್ತ ಓದುತ್ತಿದ್ದಳು. ಯಾರದೋ ಹೆಂಡತಿಯ ಸೀಮಂತ, ಯಾರದೋ ಹಸು ಕರು ಹಾಕಿದ್ದು, ಯಾರದೋ ಅತ್ತೆಯ ಮೇಲಿನ ದೂರು. ಓದಿ ನಗುತ್ತಿದ್ದಳು, ಒಮ್ಮೊಮ್ಮೆ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಿದ್ದಳು. "ಕಾಗದದ ಮೇಲೆ ನೀರ್ ಬೀಳ್ಸ್‌ಬೇಡಿ ಆಂಟಿ" ಎಂದು ವಚನಾ ರೇಗಿಸುತ್ತಿದ್ದಳು.

ಇಷ್ಟೊಂದು ಮನೆಗಳ ಕಾಗದ ಕಾಯುವ ಕುಸುಮಾಳ ಮನೆಯಲ್ಲಿ ಒಂದೇ ಒಂದು ಕಾಗದ ಇರಲಿಲ್ಲ.

ಅವಳು ಚಿಕ್ಕವಳಾಗಿದ್ದಾಗ ಲಗ್ಗೆರೆ ಇನ್ನೂ ಹಳ್ಳಿ. ಅಪ್ಪ ದೊಡ್ಡಹನುಮಯ್ಯ ರಾಗಿ, ಅವರೆ ಬೆಳೆದುಕೊಂಡು, ಎರಡು ಎಮ್ಮೆ ಕಟ್ಟಿಕೊಂಡು, ರಾಜಾಜಿನಗರದ ಮನೆಗಳಿಗೆ ಹಾಲು ಹಾಕುತ್ತಿದ್ದರು. ಅಣ್ಣ ಸಂಪತ್ ಪೀಣ್ಯದಲ್ಲಿ ವೆಲ್ಡಿಂಗ್ ಕಲಿತು, ಒಬ್ಬ ಕಂಟ್ರಾಕ್ಟರನ ಹಿಂದೆ ಮಧ್ಯಪ್ರದೇಶದ ಕಡೆ ಕರೆಂಟ್ ಕಾರ್ಖಾನೆ ಕಟ್ಟುವ ಕೆಲಸಕ್ಕೆ ಹೋದ. ರಾಮ್‌ಘಾಟ್ ಕ್ಯಾಂಪ್ ಎಂಬುದು ಅವನ ವಿಳಾಸ. ಅಪ್ಪನಿಗೂ ಅವ್ವನಿಗೂ ಓದು ಬರಹ ಇಲ್ಲ. ಮನೆಯಲ್ಲಿ ಅಕ್ಷರ ಬಲ್ಲವಳು ಮಿಡ್ಲ್‌ಸ್ಕೂಲಿಗೆ ಹೋಗುತ್ತಿದ್ದ ಕುಸುಮಾ ಒಬ್ಬಳೇ. ಅಣ್ಣನ ಕಾಗದ ಬಂದರೆ ಅವ್ವ ವಿಮಲಮ್ಮ ಒಲೆ ಆರಿಸಿ ಬಂದು ಕೂರುತ್ತಿದ್ದಳು. ಓದಿದ್ದನ್ನೇ ಮತ್ತೆ ಓದಿಸುತ್ತಿದ್ದಳು. ಪ್ರತಿ ಕಾಗದದಲ್ಲೂ ಗೋಪಿಯ ಸುದ್ದಿ ಇರುತ್ತಿತ್ತು. ಗೋಪಿ ನಮ್ಮ ಕೆಂಗೇರಿಯವನು, ಒಂದೇ ರೂಮಿನಲ್ಲಿದ್ದೇವೆ, ಗೋಪಿ ಸಾರು ಮಾಡಿದರೆ ಬರೀ ಉಪ್ಪು, ಎಂದೆಲ್ಲ.

ಒಂದು ಸಲ ಬಂದ ಕಾರ್ಡಿನಲ್ಲಿ ಅಣ್ಣನ ಅಕ್ಷರ ಸೊಟ್ಟಗಾಗಿತ್ತು. ಜ್ವರ ಬಂದಿದೆ, ಆಸ್ಪತ್ರೆಗೆ ಸೇರಿಸಿದ್ದಾರೆ, ಗೋಪಿ ಜೊತೆಗಿದ್ದಾನೆ, ಗಾಬರಿಯಾಗಬೇಡಿ ಎಂದು ಬರೆದಿದ್ದ. ಗಾಬರಿಯಾಗಬೇಡಿ ಎಂದರೆ ಯಾರು ಆಗದೆ ಇರುತ್ತಾರೆ? ಅವ್ವ ದೇವರಿಗೆಲ್ಲ ಹರಕೆ ಹೊತ್ತಳು. ಅಪ್ಪ ಪೋಸ್ಟಿನವನ ದಾರಿ ಕಾಯತೊಡಗಿದರು.

ಎರಡನೆಯ ಕಾರ್ಡು ಬಂದ ದಿನ ಕುಸುಮಾ ಸ್ಕೂಲಿನಲ್ಲಿದ್ದಳು. ಅಪ್ಪ ಹೊಲದ ಬದಿಯಲ್ಲೇ ಪೋಸ್ಟಿನವನಿಂದ ಇಸಿದುಕೊಂಡರು. ಕಾರ್ಡಿನ ಮೂಲೆಗೆ ಕಪ್ಪು ಹತ್ತಿತ್ತು.

ಈಗಿನವರಿಗೆ ಇದು ಗೊತ್ತಿರಲಿಕ್ಕಿಲ್ಲ. ಮದುವೆ ನಾಮಕರಣದ ಕಾಗದವಾದರೆ ಮೂಲೆಗೆ ಅರಿಶಿನ ಕುಂಕುಮ ಹಚ್ಚುತ್ತಿದ್ದರು. ಸಾವಿನ ಕಾಗದವಾದರೆ ಮಸಿ. ಮಸಿ ಹತ್ತಿದ ಕಾಗದವನ್ನು ಹೊಸಿಲು ದಾಟಿಸಬಾರದು, ಹೊರಗೇ ಹರಿದು ಎಸೆದು ತಲೆಗೆ ನೀರು ಹೊಯ್ದುಕೊಂಡು ಒಳಗೆ ಬರಬೇಕು. ಓದು ಬಾರದವರಿಗೂ ಸುದ್ದಿ ಏನೆಂದು ಮೂಲೆಯೇ ಹೇಳುತ್ತಿತ್ತು. ಅಪ್ಪ ಯಾರಿಂದಲೂ ಓದಿಸಲಿಲ್ಲ. ಓದಿಸುವುದಕ್ಕೆ ಏನಿದೆ? ಮಗನಿಗೆ ಜ್ವರ, ಆಮೇಲೆ ಮಸಿಯ ಕಾಗದ. ಅಲ್ಲೇ ಹರಿದು ಬಾವಿಯ ಹಿಂದಿನ ಹಳ್ಳಕ್ಕೆ ಎಸೆದರು, ಬಾವಿಯಲ್ಲಿ ನೀರು ಸೇದಿ ಉಟ್ಟ ಬಟ್ಟೆಯಲ್ಲೇ ತಲೆಗೆ ಸುರಿದುಕೊಂಡರು, ಒದ್ದೆಯಲ್ಲೇ ಬಂದು ಬಾಗಿಲಲ್ಲಿ ನಿಂತರು. ಅವ್ವ ಅವರನ್ನು ಹಾಗೆ ನೋಡಿದ್ದೇ ಸಾಕಾಯಿತು.

ಸಾಯಂಕಾಲ ಕುಸುಮಾ ಬರುವಾಗ ಮನೆಯ ಮುಂದೆ ಊರೇ ನೆರೆದಿತ್ತು. ತಿಥಿ ಆಯಿತು. ಅಣ್ಣನ ಚಾಪೆ, ಬಟ್ಟೆ, ಅವನ ಹಳೆಯ ಕಾಗದಗಳು, ಎಲ್ಲವನ್ನೂ ಸೇರಿಸಿ ಅಪ್ಪ ಬೆಂಕಿಗೆ ಹಾಕಿದರು. ಅಲ್ಲಿಂದ ಮುಂದೆ ರಾಮ್‌ಘಾಟಿನಿಂದ ಇನ್ನೊಂದು ಕಾಗದ ಬರಲಿಲ್ಲ. ಬರಬೇಕೆಂದು ಯಾರೂ ಕಾಯಲೂ ಇಲ್ಲ.

ಅಪ್ಪ ಆಮೇಲೂ ಬಹಳ ಕಾಲ ಬದುಕಿದ್ದರು. ಹೊಲ ಸೈಟುಗಳಾಗಿ, ಎಮ್ಮೆ ಹೋಗಿ, ಮನೆಯ ಮುಂದೆ ಟಾರು ರಸ್ತೆ ಬಂತು. ಕುಸುಮಾಳ ಮದುವೆ ಒಂದೆರಡು ಸಲ ಕೂಡಿಬಂದಂತಾಗಿ ತಪ್ಪಿತು. ಆಮೇಲೆ ಅವ್ವನನ್ನು ಬಿಟ್ಟು ಹೋಗುವುದು ಹೇಗೆ ಎಂದು ಅವಳೇ ಬೇಡವೆಂದಳು. ಅವ್ವನ ಕೊರಗು ಮಾತ್ರ ನಿಂತಲ್ಲೇ ನಿಂತಿತ್ತು. ಮಗ ಸತ್ತದ್ದನ್ನು ಅವಳು ಹೇಗೋ ನುಂಗಿಕೊಂಡಿದ್ದಳು. ಹೇಗೆ ಸತ್ತ ಎಂದು ಗೊತ್ತಿಲ್ಲದ್ದು ಗಂಟಲಲ್ಲೇ ಉಳಿಯಿತು. "ಜೊತೇಲಿ ಯಾರಾನ ಇದ್ರೋ ಇಲ್ವೋ. ಬಾಯಿಗ್ ಒಂದ್ ತೊಟ್ಟು ನೀರ್ ಬಿಟ್ರೋ ಇಲ್ವೋ" ಎಂದು ಊಟಕ್ಕೆ ಕೂತಾಗ, ನೀರು ಕುಡಿಯುವಾಗ, ಯಾವಾಗೆಂದರೆ ಆವಾಗ ಹೇಳುತ್ತಿದ್ದಳು. ಎಂಬತ್ತು ದಾಟಿ ಹಾಸಿಗೆ ಹಿಡಿದ ಮೇಲಂತೂ ದಿನಾ ಅದೇ ಮಾತು. ಕುಸುಮಾಳಿಗೆ ಒಮ್ಮೊಮ್ಮೆ ರೇಗಿಹೋಗುತ್ತಿತ್ತು. ರೇಗಿದ ಮೇಲೆ ತಾನೇ ಅಳುತ್ತಿದ್ದಳು.

ಹೀಗಿರುವಾಗ ಕೆಂಗೇರಿಯಿಂದ ಕಲಾವತಿ ಎಂಬ ಹೆಂಗಸು ಆಟೋದಲ್ಲಿ ಒಂದು ಹಳೆಯ ಸೂಟ್‌ಕೇಸ್ ತಂದಿಟ್ಟು ಹೋದಳು. ತೀರಿಕೊಂಡ ಅವಳ ತಂದೆ ಹೆಂಡತಿಗೆ ಬರೆದ ಕಾಗದಗಳಂತೆ. ಸಂಜೆ ಮನೆಗೆ ಹೊರಡುವ ಮುನ್ನ ಕುಸುಮಾ ಸೂಟ್‌ಕೇಸಿನ ಮೇಲಿನ ಧೂಳು ಒರೆಸುತ್ತಿದ್ದಳು. ವಚನಾ ಪೆಟ್ಟಿಗೆಗೆ ಅಂಟಿಸುವ ಚೀಟಿಯನ್ನು ಬರೆಯುತ್ತ ಗಟ್ಟಿಯಾಗಿ ಓದಿಕೊಂಡಳು: "ಗೋಪೀನಾಥ, ಮೆಕ್ಯಾನಿಕ್, ರಾಮ್‌ಘಾಟ್ ಕ್ಯಾಂಪ್, ಮಧ್ಯಪ್ರದೇಶ."

ಕುಸುಮಾ ಅಲ್ಲೇ ನೆಲದ ಮೇಲೆ ಕುಳಿತುಬಿಟ್ಟಳು. ಆ ವಿಳಾಸವನ್ನು ಚಿಕ್ಕಂದಿನಲ್ಲಿ ಎಷ್ಟು ಕಾಗದಗಳ ಮೇಲೆ ಬರೆದಿದ್ದಳೋ. ವಚನಾಳಿಗೆ ತಡವರಿಸುತ್ತ ಎಲ್ಲ ಹೇಳಿದಳು: ಅಣ್ಣ, ಜ್ವರ, ಮಸಿಯ ಕಾರ್ಡು, ಅವ್ವನ ಪ್ರಶ್ನೆ. ಕೇಳಿದ ವಚನಾಳ ಕಣ್ಣೂ ತುಂಬಿತು.

"ನಾಳೆ ಬೆಳಿಗ್ಗೆ ಬೇರೆ ಕೆಲ್ಸ ಏನೂ ಬೇಡ ಆಂಟಿ," ಎಂದಳು. "ಟೀ ನಾನ್ ಮಾಡ್ತೀನಿ. ನೀವು ಕೂತ್ಕೊಂಡು ಓದಿ."

ಅವತ್ತು ಮನೆಗೆ ಹೋಗಿ ಕುಸುಮಾ ಬಾಯಿ ಮುಚ್ಚಿಕೊಂಡಿರಬಹುದಿತ್ತು. ಆದರೆ ಇಂಥ ಸುದ್ದಿಯನ್ನು ಹೊಟ್ಟೆಯಲ್ಲಿಟ್ಟುಕೊಳ್ಳುವುದು ಯಾರಿಂದಾದೀತು? "ಅವ್ವ, ಗೋಪಿ ಬರ್ದಿರೋ ಕಾಗದ ಎಲ್ಲ ನಮ್ಮಲ್ಲಿಗ್ ಬಂದೈತೆ," ಎಂದಳು. "ಅಣ್ಣನ ವಿಷ್ಯ ಬರ್ದೇ ಇರ್ತಾರೆ. ನಾಳೆ ಓದ್ಕೊಂಡ್ ಬಂದ್ ಹೇಳ್ತೀನಿ." ವಿಮಲಮ್ಮ ಮಗಳ ಕೈ ಹಿಡಿದುಕೊಂಡು ಬಹಳ ಹೊತ್ತು ಬಿಡಲಿಲ್ಲ. ಬೆಳಿಗ್ಗೆ ತಾನೇ ಕೇಳಿ ಮುಖ ತೊಳೆಸಿಕೊಂಡಳು, ತಲೆ ಬಾಚಿಸಿಕೊಂಡಳು, ಒಗೆದ ಸೀರೆ ಉಡಿಸಿಕೊಂಡಳು. ಮಗನೇ ಬರುತ್ತಾನೇನೋ ಎಂಬಂತೆ ಬಾಗಿಲ ಕಡೆ ದಿಂಬು ಹಾಕಿಸಿಕೊಂಡು ಒರಗಿದಳು.

ಓದುವ ಕೋಣೆಯ ಮೇಜಿನ ಮೇಲೆ ವಚನಾ ಗೋಪೀನಾಥನ ಕಾಗದಗಳನ್ನು ಹರಡಿದಳು. ಕುಸುಮಾಳ ಕೈ ಮುಂದಕ್ಕೆ ಹೋಗಿದ್ದು ಹಾಗೇ ನಿಂತಿತು. ಮೊದಲ ಕಾಗದದ ಮೂಲೆಗೆ ಕಪ್ಪು ಹತ್ತಿತ್ತು. ಎರಡನೆಯದಕ್ಕೂ ಹತ್ತಿತ್ತು. ಅದರ ಕೆಳಗಿನದಕ್ಕೂ.

"ಇದೆಲ್ಲ ಸಾವಿನ್ ಕಾಗದಾನಾ ಮೇಡಂ?" ಎಂದಳು. "ಇಷ್ಟ್ ಜನ ಸತ್ರಾ ಅಲ್ಲಿ?"

"ಸಾವಿನ್ ಕಾಗದ ಅಲ್ಲ ಆಂಟಿ, ಅದು ಗ್ರೀಸು," ಎಂದಳು ವಚನಾ. "ಅವ್ರು ಊಟದ್ ಹೊತ್ತಲ್ಲಿ ಶೆಡ್ಡಲ್ಲೇ ಕೂತ್ಕೊಂಡ್ ಬರೀತಿದ್ರಂತೆ. ಕೈಯಾದ್ರೂ ತೊಳ್ಕೊಂಡ್ ಬರೀಬಾರ್ದಾ ಅಂತ ಅವ್ರ ಹೆಂಡ್ತಿ ಬೈತಾನೇ ಇದ್ರಂತೆ. ಕಲಾವತಿಯವ್ರು ನಿನ್ನೆ ಹೇಳಿ ನಗ್ತಾ ಇದ್ರು. ನೋಡಿ, ಎಲ್ಲಾದ್ರಲ್ಲೂ ಹೆಬ್ಬೆಟ್ಟು ಅದೇ ಮೂಲೇಲಿದೆ."

ಕುಸುಮಾ ನೋಡಿದಳು. ಎಲ್ಲದರಲ್ಲೂ ಅದೇ ಮೂಲೆಯಲ್ಲಿತ್ತು. ಹಾಳೆ ಜಾರದಂತೆ ಎಡಗೈಯಲ್ಲಿ ಒತ್ತಿ ಹಿಡಿದು ಬರೆದವನ ಹೆಬ್ಬೆರಳು. ಹಬ್ಬಕ್ಕೆ ರಜ ಸಿಕ್ಕಿದ ಖುಷಿಯ ಕಾಗದದಲ್ಲೂ ಇತ್ತು, ಮಗು ಹುಟ್ಟಿದ್ದಕ್ಕೆ ಹೆಸರು ಸೂಚಿಸಿದ ಕಾಗದದಲ್ಲೂ ಇತ್ತು. ಅವಳ ಎದೆಯಲ್ಲಿ ಏನೋ ಕುಸಿಯತೊಡಗಿತು. ಏನೆಂದು ಇನ್ನೂ ತಿಳಿಯಲಿಲ್ಲ, ತಿಳಿದುಕೊಳ್ಳಲು ಮನಸ್ಸೂ ಬರಲಿಲ್ಲ. ಆದರೆ ಮನೆಯಲ್ಲಿ ಅವ್ವ ಒಗೆದ ಸೀರೆ ಉಟ್ಟು ಕಾಯುತ್ತಿದ್ದಳು. ಒಂದೊಂದಾಗಿ ಓದುತ್ತ ಹೋದಳು. ಅಣ್ಣನ ಹೆಸರು ಅಲ್ಲಲ್ಲಿ ಬರುತ್ತಿತ್ತು. ಸಂಪತ್ ಹಾಡುತ್ತಾನೆ, ಸಂಪತ್ ನನ್ನ ಸಾರನ್ನು ಹಂಗಿಸುತ್ತಾನೆ. ಆಮೇಲೆ ಈ ಕಾಗದ ಸಿಕ್ಕಿತು.

"ಸಂಪತ್ ಹೋಗಿಬಿಟ್ಟ. ಆ ಲಗ್ಗೆರೆ ಹುಡುಗ. ನಡುವೆ ಜ್ವರ ಇಳಿದು ಎದ್ದು ಕೂತಿದ್ದ, ಗಂಜಿ ಕುಡಿದಿದ್ದ. ಅವ್ವನನ್ನು ನೋಡಬೇಕು, ಅವ್ವ ಬಂದರೆ ನಾನು ಏಳುತ್ತೇನೆ ಎಂದು ಒಂದೇ ಹಟ. ನಾನೇ ಅವರ ಮನೆಗೆ ಕಾರ್ಡು ಹಾಕಿದೆ. ಹುಷಾರಾಗುತ್ತಿದ್ದಾನೆ, ತಾಯಿಯನ್ನು ಬೇಗ ಕರೆತನ್ನಿ ಎಂದು, ಯಾವ ರೈಲು, ಎಲ್ಲಿ ಇಳಿಯಬೇಕು, ಎಲ್ಲ ಬರೆದೆ. ವಾರಗಟ್ಟಲೆ ಕಾದೆವು. ಯಾರೂ ಬರಲಿಲ್ಲ, ಉತ್ತರವೂ ಇಲ್ಲ. ರೈಲು ಬರುವ ಹೊತ್ತಿಗೆ ಬಾಗಿಲ ಕಡೆ ತಿರುಗಿಸಿ ಮಲಗಿಸು ಎನ್ನುತ್ತಿದ್ದ. ಜ್ವರ ಮತ್ತೆ ಏರಿತು. ಬಾಯಿಗೆ ನೀರು ಬಿಟ್ಟವನು ನಾನೇ, ಕೊಳ್ಳಿ ಇಟ್ಟವನೂ ನಾನೇ. ಎಂಥ ಹೆತ್ತವರೋ, ಕಲ್ಲು ಜನ. ಅವರಿಗೆ ಇನ್ನು ನಾನು ಒಂದು ಅಕ್ಷರವನ್ನೂ ಬರೆಯುವುದಿಲ್ಲ. ಬರೆದ ಒಂದು ಕಾಗದಕ್ಕೇ ಬೆಲೆ ಇಲ್ಲದ ಮೇಲೆ."

ಗೋಪಿ ಬರೆದದ್ದು ಒಂದೇ ಕಾರ್ಡು. ಜ್ವರದ ಕಾರ್ಡಿನ ನಂತರ ಮನೆಗೆ ಬಂದದ್ದೂ ಒಂದೇ ಕಾರ್ಡು. ಅಪ್ಪ ಹಳ್ಳಕ್ಕೆ ಹರಿದು ಎಸೆದದ್ದು ಅದನ್ನೇ. ಅವರು ತಲೆಗೆ ನೀರು ಹೊಯ್ದುಕೊಂಡು ನಿಂತಾಗ ಅಣ್ಣ ಬದುಕಿದ್ದ. ಊರೆಲ್ಲ ಸೇರಿ ಅತ್ತಾಗ ಬದುಕಿದ್ದ. ತಿಥಿಯ ಊಟ ಬಡಿಸಿದಾಗಲೂ ಅವನು ಅಲ್ಲಿ ಬಾಗಿಲ ಕಡೆ ಮುಖ ಮಾಡಿ ಮಲಗಿ, ಅವ್ವ ಇವತ್ತು ಬರುತ್ತಾಳೆ, ನಾಳೆ ಬರುತ್ತಾಳೆ ಎಂದು ಕಾಯುತ್ತಿದ್ದ. ಇವರು ಇಲ್ಲಿ ಅವನ ಚಾಪೆಗೆ ಬೆಂಕಿ ಇಟ್ಟಿದ್ದರು.

ಕುಸುಮಾ ಬಾಯಿಗೆ ಸೆರಗು ಅಡ್ಡ ಹಿಡಿದು ಅತ್ತಳು. ಅಳು ತಡೆಯಲಾಗದೆ ಮೇಜಿನಿಂದ ದೂರ ಸರಿದಳು. ಆ ಸಂಕಟದಲ್ಲೂ ಕಾಗದದ ಮೇಲೆ ನೀರು ಬೀಳಬಾರದೆಂಬ ಎಚ್ಚರ ಅವಳಿಗಿತ್ತು. ಕಾಗದ ಓದಿ ನೋಡಿದ ವಚನಾ ಅವಳ ಬೆನ್ನ ಮೇಲೆ ಕೈಯಿಟ್ಟು ಪಕ್ಕದಲ್ಲಿ ಕುಳಿತಳು.

ಕುಸುಮಾ ಕಣ್ಣೊರೆಸಿಕೊಂಡು ಕೇಳಿದಳು: "ಇದು ಇಲ್ಲೇ ಇರುತ್ತಾ ಮೇಡಂ?"

"ಇರುತ್ತೆ ಆಂಟಿ."

"ಓದೋರೆಲ್ಲ ನಮ್ಮನ್ನ ಕಲ್ಲು ಜನ ಅಂತ್ಲೇ ಓದ್ತಾರೆ. ನಮ್ಮವ್ವನ್ನ."

ವಚನಾ ಯೋಚಿಸಿದಳು. "ಕಾಗದ ತೆಗ್ಯೋಕಾಗಲ್ಲ, ತಿದ್ದೋಕೂ ಆಗಲ್ಲ. ಆದ್ರೆ ನೀವೂ ಒಂದು ಬರೆದ್ಕೊಡಿ. ನಿಮ್ಮನೇಲಿ ಏನಾಯ್ತು ಅಂತ. ಇದ್ರ ಪಕ್ಕದಲ್ಲೇ ಇಡ್ತೀನಿ. ಇದನ್ನ ಓದ್ದೋರು ಅದನ್ನೂ ಓದ್ತಾರೆ." ಒಂದು ಬಿಳಿ ಹಾಳೆ, ಪೆನ್ಸಿಲ್ಲು ತಂದಿಟ್ಟಳು. ಆ ಕೋಣೆಯಲ್ಲಿ ಪೆನ್ನು ಬಳಸುವಂತಿಲ್ಲ.

ಕುಸುಮಾ ಪೆನ್ಸಿಲ್ಲು ಹಿಡಿದಳು. ಅವ್ವ ಕಲ್ಲಲ್ಲ ಎಂದು ಬರೆಯಬೇಕಾದರೆ ಕಾರ್ಡು ಏನಾಯಿತೆಂದು ಬರೆಯಬೇಕು. ಅಪ್ಪನ ಹೆಸರು ಬರೆಯಬೇಕು. ಮಗ ಹೋದನೆಂದು ಆಮೇಲೆ ಒಂದು ಹಬ್ಬಕ್ಕೂ ಹೊಸ ಬಟ್ಟೆ ಉಡದ ಅಪ್ಪ, ಸಾಯುವಾಗಲೂ ಸಂಪತ್ ಎಂದೇ ಕರೆದ ಅಪ್ಪ, ಈ ಮನೆಯ ಪೆಟ್ಟಿಗೆಯಲ್ಲಿ ಮಗನ ಕಾಗದ ಹರಿದವನಾಗಿ ಉಳಿಯಬೇಕು. ಯಾರನ್ನು ಉಳಿಸುವುದು? ಹಾಳೆಯ ಮೇಲೆ ಒಂದು ಅಕ್ಷರವೂ ಬೀಳಲಿಲ್ಲ. "ಇನ್ನೊಂದಿನ ಬರೀತೀನಿ" ಎಂದು ಪೆನ್ಸಿಲ್ಲು ಕೆಳಗಿಟ್ಟಳು. ವಚನಾ ಆಟೋ ಕರೆಯುತ್ತೇನೆಂದರೂ ಕೇಳದೆ ಬಸ್ಸಿಗೆ ಹೋಗಿ ನಿಂತಳು. ಮನೆ ಆದಷ್ಟು ತಡವಾಗಿ ಬರಲಿ ಎಂದಿತ್ತು ಅವಳಿಗೆ.

ಬಸ್ಸಿನಲ್ಲಿ ಒಂದು ತೀರ್ಮಾನಕ್ಕೆ ಬಂದಳು. ನೀರು ಬಿಟ್ಟರು ಎಂದು ಹೇಳುವುದು. ಅದು ನಿಜ, ಅವ್ವ ಇಷ್ಟು ವರ್ಷ ಕೇಳಿದ್ದೂ ಅದನ್ನೇ. ಕಾದದ್ದನ್ನು, ಕಾರ್ಡಿನ ವಿಷಯವನ್ನು ಹೇಳುವುದು ಬೇಡ. ಅಣ್ಣನಿಗೆ ಕೊನೆಯಲ್ಲಿ ಪ್ರಜ್ಞೆ ಇರಲಿಲ್ಲ ಎಂದುಬಿಟ್ಟರೆ ಮಾತು ಅಲ್ಲಿಗೇ ಮುಗಿಯುತ್ತದೆ. ಅದೊಂದು ಸುಳ್ಳು ಹೇಳಿದರೆ ಪಾಪವೇನೂ ಬರುವುದಿಲ್ಲ ಎಂದು ತನಗೆ ತಾನೇ ಹೇಳಿಕೊಂಡಳು.

ವಿಮಲಮ್ಮ ಬೆಳಿಗ್ಗೆ ಒರಗಿದ್ದಂತೆಯೇ ಒರಗಿದ್ದಳು. ಮಧ್ಯಾಹ್ನಕ್ಕೆಂದು ಇಟ್ಟಿದ್ದ ಮುದ್ದೆ ಮುಚ್ಚಿದ ತಟ್ಟೆಯಲ್ಲೇ ಇತ್ತು. ಕುಸುಮಾ ಕಾಲು ತೊಳೆದು ಬಂದು ಹತ್ತಿರ ಕುಳಿತಳು.

"ಗೋಪಿ ಪಕ್ಕದಲ್ಲೇ ಇದ್ರಂತೆ ಅವ್ವ. ಬಾಯಿಗೆ ನೀರ್ ಬಿಟ್ರಂತೆ. ಕೊಳ್ಳಿ ಇಟ್ಟಿದ್ದೂ ಅವ್ರೇ. ಅಣ್ಣ ಅನಾಥ ಆಗ್ ಹೋಗ್ಲಿಲ್ಲ."

ವಿಮಲಮ್ಮ ಕಣ್ಣು ಮುಚ್ಚಿ, ಎರಡೂ ಕೈ ಜೋಡಿಸಿ ಕಾಣದ ಆ ಗೋಪಿಗೆ ಮುಗಿದಳು. ಅವಳ ಮುಖ ಅಷ್ಟು ಹಗುರಾದದ್ದನ್ನು ಕುಸುಮಾ ಎಂದೂ ಕಂಡಿರಲಿಲ್ಲ. ಇಷ್ಟಕ್ಕೇ ಮುಗಿಯಲಿ ದೇವರೇ ಎಂದುಕೊಂಡಳು. ಮುಗಿಯಲಿಲ್ಲ.

"ನನ್ನ ಕೇಳಿದ್ನಾ?"

"ಪ್ರಜ್ಞೆ ಇರ್ಲಿಲ್ವಂತೆ ಅವ್ವ."

"ಅದಕ್ ಮುಂಚೆ? ಜ್ವರ ಬಂದಾಗ? ಅವ್ವ ಅಂತ ಒಂದ್ ಕಿತಾನೂ ಅನ್ಲಿಲ್ವಾ?"

ಕುಸುಮಾ ಇಲ್ಲವೆಂದು ತಲೆಯಾಡಿಸಿದಳು. ವಿಮಲಮ್ಮನ ಕೈ ಬಿಚ್ಚಿಕೊಂಡು ಹಾಸಿಗೆಯ ಮೇಲೆ ಬಿತ್ತು. "ಹೋಗ್ಲಿ ಬಿಡು," ಎಂದಳು. "ದೂರ ಇದ್ದ. ಮರ್ತಿರ್ತಾನೆ." ಗೋಡೆಯ ಕಡೆ ಮುಖ ತಿರುಗಿಸಿಕೊಂಡಳು.

ಇದನ್ನು ನೋಡಿಕೊಂಡು ಇರಲು ಕುಸುಮಾಳಿಂದ ಆಗಲಿಲ್ಲ. ಅಣ್ಣ ಕಾದು ಕಾದು ಸತ್ತದ್ದು ಸಾಲದೆಂದು, ತಾಯಿಯನ್ನೇ ಮರೆತ ಮಗನೆಂಬ ಹೆಸರನ್ನೂ ಅವನಿಗೆ ಕಟ್ಟುವುದೇ?

"ಕೇಳಿದ್ನಂತೆ ಅವ್ವ," ಎಂದಳು. "ಸುಳ್ ಹೇಳ್ದೆ ನಾನು. ನೀನ್ ಬಂದ್ರೆ ಎದ್ದೇಳ್ತೀನಿ ಅಂತ ಹಟ ಮಾಡ್ತಿದ್ನಂತೆ. ನಿನ್ನೇ ಕೇಳ್ತಾ ಇದ್ನಂತೆ."

ವಿಮಲಮ್ಮ ಮೆಲ್ಲಗೆ ಇತ್ತ ತಿರುಗಿದಳು. ಕಣ್ಣಿನ ನೀರು ಕಿವಿಯ ಕಡೆ ಇಳಿಯುತ್ತಿತ್ತು. "ಮತ್ತೆ ಹೇಳ್ ಕಳಿಸ್ಬಾರ್ದಾಗಿತ್ತಾ ಆ ಗೋಪಿ?"

"ಕಾರ್ಡ್ ಹಾಕಿದ್ರಂತೆ. ನಿನ್ನ ಬೇಗ ಕರ್ಕೊಂಡ್ ಬನ್ನಿ ಅಂತ." ಕುಸುಮಾ ಅವ್ವನ ಸೆರಗು ಸರಿಮಾಡಿದಳು. "ಅದು ನಮ್ಗೆ ಬರ್ಲಿಲ್ಲ ಅವ್ವ. ಪೋಸ್ಟಲ್ಲೇ ಎಲ್ಲೋ ಕಳ್ದೋಯ್ತು ಅನ್ಸುತ್ತೆ."

ವಿಮಲಮ್ಮ ಯಾರನ್ನೂ ಬೈಯಲಿಲ್ಲ. ಗೋಡೆಯ ಮೇಲಿದ್ದ ಗಂಡನ ಫೋಟೋ ಕಡೆ ನೋಡಿದಳು.

"ಅದೊಂದ್ ಕಾರ್ಡು ನಿಮ್ಮಪ್ಪನ ಕೈಗೆ ಸಿಕ್ಕಿದ್ದಿದ್ರೆ," ಎಂದಳು, "ಎಮ್ಮೆ ಮಾರಿಯಾದ್ರೂ ಅವತ್ತೇ ನನ್ನ ರೈಲ್ ಹತ್ತಿಸ್ತಿದ್ರು ಕಣೇ. ಮಗ ಅಂದ್ರೆ ಪ್ರಾಣ ಅವ್ರಿಗೆ."

"ಹೂಂ ಅವ್ವ," ಎಂದಳು ಕುಸುಮಾ. "ಹತ್ತಿಸ್ತಿದ್ರು."